ಕೃಂಬಿಗಲ್ ಸಾಹೇಬರ ಕಾಗದಪತ್ರ

ಲಾಲ್‌ಬಾಗಿನ ಮಗ್ಗುಲಲ್ಲೇ ಒಂದು ರಸ್ತೆ ಇದೆ. ಕೃಂಬಿಗಲ್ ರಸ್ತೆ. ಆ ದಾರಿಯಲ್ಲಿ ದಿನಾ ಓಡಾಡುವ ನೂರು ಜನರನ್ನು ನಿಲ್ಲಿಸಿ ಕೇಳಿ, ಹೆಸರನ್ನು ನೂರು ಥರ ಹೇಳ್ತಾರೆ. ಯಾವುದೋ ಇಂಗ್ಲಿಷ್ ಕಂಪನಿ ಇರಬೇಕು ಅಂತ ಕೆಲವರು. ಯಾರೋ ಪಾದ್ರಿ ಅಂತ ಇನ್ನು ಕೆಲವರು. ಪಾದ್ರಿಯೂ ಅಲ್ಲ, ಇಂಗ್ಲಿಷಿನವರೂ ಅಲ್ಲ. ಜರ್ಮನಿಯವರು. ಕಸುಬು ತೋಟದ ಕೆಲಸ.

ಹೆಸರು ರಸ್ತೆಯ ಮೇಲೆ ಉಳಿಯಿತು ಸರಿ. ಆದರೆ ಆ ಮನುಷ್ಯ ಮಾಡಿದ ಕೆಲಸದ ಲೆಕ್ಕ ಎಲ್ಲಿದೆ? ಅಂಗಡಿ ಇಟ್ಟವರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಮುವ್ವತ್ತು ವರ್ಷ ವ್ಯಾಪಾರ ಮಾಡಿ ಕಿರ್ದಿ ಖಾತೆ ಪುಸ್ತಕ ಕಳೆದುಕೊಂಡರೆ ಆಮೇಲೆ ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಬಾಯಿಮಾತಿನ ಜಗಳ. ಕೃಂಬಿಗಲ್ ವಿಷಯದಲ್ಲಿ ಆಗಿರುವುದೂ ಹೆಚ್ಚು ಕಡಮೆ ಅದೇ.

ಕಟ್ಟಡ ಕಟ್ಟಿದವನ ಹೆಸರು ಹೇಳಲು ಕಟ್ಟಡ ಇರುತ್ತದೆ. ಪುಸ್ತಕ ಬರೆದವನಿಗೆ ಪುಸ್ತಕ. ತೋಟಗಾರನ ಗತಿ ಹಾಗಲ್ಲ. ಅವನು ಹಾಕಿದ ಹೂವಿನ ಪಾತಿ ವರ್ಷಕ್ಕೆ ಎರಡು ಮೂರು ಸಲ ಬದಲಾಗುತ್ತದೆ. ಮರ ಮುಪ್ಪಾಗಿ ಬೀಳುತ್ತದೆ. ಮುಂದೆ ಬಂದ ಅಧಿಕಾರಿ ತನ್ನ ಇಷ್ಟದಂತೆ ದಾರಿ ತಿರುಗಿಸುತ್ತಾನೆ. ಐವತ್ತು ವರ್ಷ ಕಳೆದರೆ ಮೊದಲು ಅಲ್ಲಿ ಏನಿತ್ತು ಎಂದು ಹೇಳುವುದಕ್ಕೆ ಉಳಿಯುವುದು ನಕ್ಷೆ, ಪತ್ರ, ಗಿಡಗಳ ರಿಜಿಸ್ಟರು, ಬೀಜ ತರಿಸಿದ ಬಿಲ್ಲು, ಒಂದಿಷ್ಟು ಫೋಟೋ. ಇವು ಹೋದರೆ ತೋಟವೂ ಹೋದಂತೆ.

ಗುಸ್ತಾವ್ ಹರ್ಮನ್ ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು. ಊರು ಲೋಮೆನ್. ಜರ್ಮನಿಯ ಸ್ಯಾಕ್ಸನಿ ಸೀಮೆಯಲ್ಲಿ ಡ್ರೆಸ್ಡನ್ ನಗರದ ಹತ್ತಿರದ ಸಣ್ಣ ಊರು. ಸಮೀಪದ ಪಿಲ್‌ನಿಟ್ಸ್‌ನಲ್ಲಿ ಸ್ಯಾಕ್ಸನಿಯ ರಾಜರ ಬೇಸಿಗೆ ಅರಮನೆ, ಅದರ ಸುತ್ತ ಹೆಸರುವಾಸಿ ತೋಟ. ಹುಡುಗ ಕೆಲಸ ಕಲಿತದ್ದು ಅಲ್ಲಿ. 1884ರಲ್ಲಿ ಶ್ವೆರಿನ್, 1887ರಲ್ಲಿ ಹ್ಯಾಂಬರ್ಗ್. ಆ ಕಾಲದಲ್ಲಿ ಗಿಡದ ಕೆಲಸದಲ್ಲಿ ಮೇಲೆ ಬರಬೇಕು ಅನ್ನುವವನ ಕಣ್ಣೆಲ್ಲ ಲಂಡನ್ ಪಕ್ಕದ ಕ್ಯೂ ಉದ್ಯಾನದ ಮೇಲೆ. ಕೃಂಬಿಗಲ್ 1888ರಲ್ಲಿ ಇಂಗ್ಲೆಂಡಿಗೆ ಹೋದರು. ಮೊದಲು ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳ ಕೆಲಸ, ಆಮೇಲೆ ಕ್ಯೂ.

ಕ್ಯೂ ಅಂದರೆ ಬರೀ ತೋಟ ಅಲ್ಲ. ಅದು ಆಗಿನ ಬ್ರಿಟಿಷ್ ಸಾಮ್ರಾಜ್ಯದ ಗಿಡಗಳ ಹೆಡ್ಡಾಫೀಸು. ರಬ್ಬರು, ಸಿಂಕೋನ, ಏನೇ ಬೇಕಾದರೂ ಸಸಿ ಅಲ್ಲಿಂದ ಹಾದು ಬರಬೇಕು. ಗಿಡದ ಜೊತೆ ಗಿಡ ಬೆಳೆಸುವ ಮನುಷ್ಯರನ್ನೂ ಅಲ್ಲಿಂದಲೇ ಕಳಿಸುತ್ತಿದ್ದರು. ನಮ್ಮ ಲಾಲ್‌ಬಾಗಿಗೆ 1858ರಲ್ಲಿ ಬಂದ ವಿಲಿಯಂ ನ್ಯೂ ಕ್ಯೂನವರು. 1874ರಲ್ಲಿ ಬಂದ ಜಾನ್ ಕ್ಯಾಮರನ್ ಕೂಡ ಕ್ಯೂನವರೇ. ಸೀಮೆಬದನೆಕಾಯಿಯನ್ನು ಬೆಂಗಳೂರಿಗೆ ತಂದವರು ಎಂದು ಹೆಸರಾದದ್ದು ಇದೇ ಕ್ಯಾಮರನ್. ಮಾರ್ಕೆಟ್ಟಿನಲ್ಲಿ ಅದನ್ನು ರಾಶಿ ಹಾಕಿ ಮಾರುವವರಿಗೆ ಗೊತ್ತಿರಲಿ ಅಂತ ಹೇಳಿದ್ದು.

ಕ್ಯೂನವರ ಒಂದು ಗುಣ ಮೆಚ್ಚಬೇಕು. ಅವರು ಕಾಗದ ಬಿಸಾಡುವುದಿಲ್ಲ. ಲೋಕದ ಎಲ್ಲ ಮೂಲೆಗಳಿಂದ ಅಲ್ಲಿನ ನಿರ್ದೇಶಕರಿಗೆ ಬಂದ ಪತ್ರಗಳನ್ನು ಸಂಪುಟ ಸಂಪುಟವಾಗಿ ಬೈಂಡು ಮಾಡಿ ಇಟ್ಟಿದ್ದಾರೆ. ಅಲ್ಲಿ ಕೆಲಸ ಮಾಡಿ ಹೊರಗೆ ಹೋದವರದೇ ಒಂದು ಸಂಘ 1893ರಲ್ಲಿ ಶುರುವಾಯಿತು. ಯಾರು ಯಾವ ದೇಶದಲ್ಲಿದ್ದಾರೆ, ಏನು ಮಾಡ್ತಿದ್ದಾರೆ ಎಂದು ಆ ಸಂಘದ ಪತ್ರಿಕೆ ಅಚ್ಚು ಹಾಕುತ್ತಾ ಬಂತು. ಲಾಲ್‌ಬಾಗಿನ ಚರಿತ್ರೆ ಹುಡುಕುವವರು ಮೊದಲು ಕದ ತಟ್ಟಬೇಕಾದದ್ದು ಏಳು ಸಮುದ್ರದಾಚೆ ಅನ್ನುವುದು ನಗು ತರಿಸುವ ಮಾತಲ್ಲ.

ಅದೇ 1893ರಲ್ಲಿ ಕೃಂಬಿಗಲ್ ಹಡಗು ಹತ್ತಿದರು. ಕರೆಸಿಕೊಂಡವರು ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡ್. ದೊಡ್ಡ ಕನಸಿನ ರಾಜ. ಶಾಲೆ, ಪುಸ್ತಕಭಂಡಾರ, ರೈಲು, ತೋಟ ಎಲ್ಲವೂ ಬೇಕು. ಬರೋಡ ಸಂಸ್ಥಾನದ ತೋಟಗಳ ಹೊಣೆ ಈ ಜರ್ಮನ್ ಯುವಕನ ಮೇಲೆ ಬಿತ್ತು. ನೀಲಗಿರಿಯ ಊಟಿಯಲ್ಲಿ ಬರೋಡದ ರಾಜರಿಗೆ ಬೇಸಿಗೆ ಬಂಗಲೆ ಇತ್ತು, ಅಲ್ಲಿನ ತೋಟದ ಕೆಲಸವೂ ಬಂತು. ಬರೋಡದ ಒಣ ಬಿಸಿಲು ಒಂದು ಕಡೆ, ಊಟಿಯ ಮಂಜು ಇನ್ನೊಂದು ಕಡೆ. ಈ ದೇಶದಲ್ಲಿ ಯಾವ ಗಿಡ ಎಲ್ಲಿ ಬದುಕುತ್ತದೆ, ಎಲ್ಲಿ ಸಾಯುತ್ತದೆ ಎಂದು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆ ಪಾಠಶಾಲೆ ಬೇಡ. ಹದಿನೈದು ವರ್ಷ ಕಲಿತರು.

ಬರೋಡ ಸಂಸ್ಥಾನದ ಹಳೆಯ ದಫ್ತರ ವಡೋದರದಲ್ಲೇ ಇದೆ. ಅಲ್ಲಿಗೆ ಇವರ ಜೀವನದ ಎರಡನೇ ತುಂಡು.

ಮೈಸೂರಿನಲ್ಲಿ ಆಗ ನಾಲ್ವಡಿ ಕೃಷ್ಣರಾಜ ಒಡೆಯರು. ಕ್ಯಾಮರನ್ ನಿವೃತ್ತಿಯಾಗುವ ಹೊತ್ತು. 1908ರಲ್ಲಿ ಕೃಂಬಿಗಲ್ ಲಾಲ್‌ಬಾಗಿನ ಚಾರ್ಜು ತೆಗೆದುಕೊಂಡರು. ವಯಸ್ಸು ನಲವತ್ತೆರಡು. 1932ರಲ್ಲಿ ಎಚ್. ಸಿ. ಜವರಾಯರ ಕೈಗೆ ಒಪ್ಪಿಸುವವರೆಗೆ ಇಪ್ಪತ್ತನಾಲ್ಕು ವರ್ಷ ಇಲ್ಲಿನ ಮಣ್ಣಲ್ಲೇ ಇದ್ದರು.

ಈ ಇಪ್ಪತ್ತನಾಲ್ಕು ವರ್ಷದಲ್ಲಿ ಏನು ಮಾಡಿದರು? ಲಾಲ್‌ಬಾಗನ್ನು ಚೆಂದ ಮಾಡಿದರು ಅಂದರೆ ಅರ್ಧ ಮಾತಾಯಿತು. ಅವರ ತಲೆಯಲ್ಲಿ ತೋಟ ಅನ್ನುವುದು ಬೇಲಿಯ ಒಳಗಿನ ಜಾಗ ಅಲ್ಲ. ಊರೇ ತೋಟ. ಹೊರ ದೇಶಗಳ ಉದ್ಯಾನಗಳ ಜೊತೆ ಬೀಜ ಕೊಟ್ಟು ಬೀಜ ತರಿಸುವ ವ್ಯವಹಾರ ಬೆಳೆಸಿದರು. ರೋಡ್ಸ್ ಹುಲ್ಲು, ಸೋಯಾ ಅವರೆ, ರಷ್ಯದ ಸೂರ್ಯಕಾಂತಿ, ಅಮೆರಿಕದ ಮುಸುಕಿನ ಜೋಳ, ಇವೆಲ್ಲ ಅವರ ಕಾಲದಲ್ಲಿ ಲಾಲ್‌ಬಾಗಿಗೆ ಬಂದವು ಎನ್ನುತ್ತದೆ ಇಲಾಖೆಯ ಚರಿತ್ರೆ. ನೋಡಿ, ಎಲ್ಲಾ ರೈತನಿಗೆ, ದನಕ್ಕೆ, ಹೊಟ್ಟೆಗೆ ಬೇಕಾದವು. ಹೂವಿನ ಸಾಹೇಬರು ಎಂದು ಹೆಸರು ಬಂದರೂ ಹೊಟ್ಟೆಯ ಕಡೆ ಗಮನ ಇದ್ದೇ ಇತ್ತು. 1912ರಲ್ಲಿ ಮೈಸೂರು ತೋಟಗಾರಿಕೆ ಸಂಘ ಹುಟ್ಟಿತು, ಅದಕ್ಕೂ ಇವರೇ ಬೆನ್ನೆಲುಬು. ಇವತ್ತು ಆಗಸ್ಟ್ 15, ಜನವರಿ 26 ಬಂತು ಅಂದರೆ ಡಬಲ್ ರೋಡಿನಲ್ಲಿ ಬಸ್ಸು ಮುಂದೆ ಹೋಗದ ಹಾಗೆ ಜನ ಸೇರುತ್ತಾರಲ್ಲ, ಆ ಫಲಪುಷ್ಪ ಪ್ರದರ್ಶನದ ಹಿಂದೆ ಈ ಸಂಘದ ದುಡಿಮೆ ಇದೆ.

ಇನ್ನು ಬೀದಿ ಮರಗಳ ಮಾತು. ಒಂದು ಜಾತಿ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಜಾತಿ ಹೂ ಬಿಡಬೇಕು, ವರ್ಷವಿಡೀ ಯಾವುದಾದರೂ ಬೀದಿ ಬಣ್ಣದಲ್ಲಿರಬೇಕು ಎಂಬ ಲೆಕ್ಕಾಚಾರ ಕೃಂಬಿಗಲ್‌ರದು ಎಂದು ಊರೆಲ್ಲ ಹೇಳುತ್ತದೆ. ಲೆಕ್ಕ ನಿಜವಾಗಿ ಚೆನ್ನಾಗಿದೆ. ಬೇಸಿಗೆ ಕಾಲಿಡುವಾಗ ಜಕರಂಡದ ನೀಲಿ. ಆಮೇಲೆ ಕಕ್ಕೆಯ ಹಳದಿ ಗೊಂಚಲು, ಗುಲ್‌ಮೊಹರಿನ ಕೆಂಪು. ಮಳೆ ಮುಗಿದು ಚಳಿ ಶುರುವಾದರೆ ಆಕಾಶಮಲ್ಲಿಗೆ, ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ನಿಂತರೆ ಕಾಲ ಕೆಳಗೆ ಬಿಳಿ ಹಾಸು. ಟಿಕೆಟ್ಟಿಲ್ಲದೆ ನೋಡುವ ಪ್ರದರ್ಶನ.

ಆದರೆ ಕಾಗದದ ಕೊರತೆ ಎಲ್ಲಿ ಕಾಡುತ್ತದೆ ಅನ್ನುವುದನ್ನು ಇಲ್ಲೇ ನೋಡಬೇಕು.

ದಾಖಲೆ ಕೈಗೆ ಸಿಗದ ಕಡೆ ಜನ ಏನು ಮಾಡ್ತಾರೆ? ಎಲ್ಲವನ್ನೂ ಒಬ್ಬ ದೊಡ್ಡ ಮನುಷ್ಯನ ತಲೆಗೆ ಕಟ್ಟುತ್ತಾರೆ. ಬೆಂಗಳೂರಿನಲ್ಲಿ ಹೂ ಬಿಡುವ ಮರ ಕಂಡರೆ ಸಾಕು, ಕೃಂಬಿಗಲ್ ನೆಟ್ಟದ್ದು! ಈಗ ನಾವು ನೋಡುವ ಬೀದಿ ಮರಗಳಲ್ಲಿ ಬಹಳಷ್ಟು 1980ರ ದಶಕದವು. ಅರಣ್ಯ ಇಲಾಖೆಯ ಅಧಿಕಾರಿ ಎಸ್. ಜಿ. ನೇಗಿನಹಾಳರು ಮುಂದೆ ನಿಂತು ನೆಡಿಸಿದ್ದು, ಸುಮಾರು ಹದಿನೈದು ಲಕ್ಷ ಗಿಡ. ಕೃಂಬಿಗಲ್ ಆ ಹೊತ್ತಿಗೆ ತೀರಿಕೊಂಡು ಕಾಲು ಶತಮಾನವಾಗಿತ್ತು. ನೇಗಿನಹಾಳರು 2021ರಲ್ಲಿ ತೀರಿಕೊಂಡಾಗ ಅವರ ನೆರಳಲ್ಲಿ ದಿನಾ ಬಸ್ಸು ಕಾಯುವ ಎಷ್ಟು ಜನಕ್ಕೆ ಆ ಹೆಸರು ಗೊತ್ತಿತ್ತು?

ಲಾಲ್‌ಬಾಗಿನ ಗಾಜಿನ ಮನೆಯನ್ನೂ ಕೆಲವರು ಕೃಂಬಿಗಲ್ ಖಾತೆಗೆ ಬರೆಯುತ್ತಾರೆ. ಅದಕ್ಕೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಕ್ಯಾಮರನ್ ಕಾಲದಲ್ಲಿ. ಕೃಂಬಿಗಲ್ ಆಗ ಇಂಗ್ಲೆಂಡಿನಲ್ಲಿ ಪಾತಿ ಅಗೆಯುತ್ತಿದ್ದರು, ಇಂಡಿಯಾ ನೋಡಿಯೇ ಇರಲಿಲ್ಲ. ಪೂರ್ವದ ಕಡೆ ಅದನ್ನು ವಿಸ್ತರಿಸಿದ್ದು 1935ರಲ್ಲಿ, ಜವರಾಯರ ಕಾಲ.

ಇದಕ್ಕಿಂತ ದೊಡ್ಡ ತಕರಾರು ಕನ್ನಂಬಾಡಿಯ ಬೃಂದಾವನದ್ದು. ದಿವಾನ್ ಮಿರ್ಜಾ ಇಸ್ಮಾಯಿಲರ ಆಸೆ, ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ, ಕೆಲಸ ಶುರುವಾದದ್ದು 1927ರಲ್ಲಿ, ಇಷ್ಟರ ಬಗ್ಗೆ ಜಗಳವಿಲ್ಲ. ಆದರೆ ತೋಟವನ್ನು ರೂಪಿಸಿದ ಕೈ ಯಾವುದು? ಒಂದು ಪುಸ್ತಕ ಕೃಂಬಿಗಲ್ ಅನ್ನುತ್ತದೆ, ಇನ್ನೊಂದು ಜವರಾಯ ಅನ್ನುತ್ತದೆ. ಜವರಾಯರು ನಮ್ಮವರೇ, ಕೃಂಬಿಗಲ್ ಕೆಳಗೆ ಪಳಗಿ ಅವರ ಕುರ್ಚಿಗೇ ಬಂದವರು. ಗುರು ಶಿಷ್ಯ ಇಬ್ಬರೂ ಬೆವರು ಹರಿಸಿರಬಹುದು. ಆದರೆ ದೊಡ್ಡ ಹೆಸರಿನ ಗುರುವಿಗೆ ಎಲ್ಲಾ ಪಾಲು ಹೋದರೆ ಶಿಷ್ಯನಿಗೆ ಅನ್ಯಾಯ, ಶಿಷ್ಯನೊಬ್ಬನದೇ ಅಂದರೆ ಗುರುವಿಗೆ ಅನ್ಯಾಯ. ತೀರ್ಮಾನ ಹೇಳಬೇಕಾದದ್ದು ನಕ್ಷೆಯ ಮೂಲೆಯ ರುಜು, ಕಡತದ ಮೇಲಿನ ತಾರೀಖು. ಹಳೆ ಕಾಗದ ಯಾಕೆ ಬೇಕು ಸ್ವಾಮಿ ಎಂದು ಕೇಳುವವರಿಗೆ ಇದೊಂದು ಉತ್ತರ ಸಾಕು. ಕಾಗದ ಇಲ್ಲದಿದ್ದರೆ ಕೂಲಿಯವನ ಪಾಲೂ ಮೇಸ್ತ್ರಿಗೆ ಹೋಗುತ್ತದೆ.

ಕೃಂಬಿಗಲ್‌ರ ಬಾಳು ಬರೀ ಹೂವಿನ ಹಾಸಿಗೆ ಆಗಿರಲಿಲ್ಲ. 1914ರಲ್ಲಿ ಯುದ್ಧ ಶುರುವಾಯಿತು. ಇವರು ಜರ್ಮನ್. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನ್ಯ. ನಿನ್ನೆ ತನಕ ಸಲಾಮು ಹೊಡೆದವರಿಗೆ ಇವತ್ತು ಶತ್ರು. 1939ರಲ್ಲಿ ಮತ್ತೆ ಯುದ್ಧ, ಮತ್ತೆ ಅದೇ ಪಾಡು. ಹೆಂಡತಿ ಇಂಗ್ಲಿಷಿನವರು, ಗಂಡ ಮೈಸೂರು ಮಹಾರಾಜರ ನೌಕರ, ಆದರೂ ಶತ್ರು ದೇಶದವನೆಂಬ ಹಣೆಪಟ್ಟಿ, ಬಂಧನದ ಕಷ್ಟ ತಪ್ಪಲಿಲ್ಲ. ಎರಡನೇ ಸಲ ಅವರಿಗೆ ಎಪ್ಪತ್ತು ದಾಟಿತ್ತು. ಅತ್ತ ಹುಟ್ಟಿದ ಸೀಮೆಯಲ್ಲಿ 1945ರ ಫೆಬ್ರವರಿಯ ಬಾಂಬಿಗೆ ಡ್ರೆಸ್ಡನ್ನಿನ ನಡುಊರೇ ಸುಟ್ಟು ಕರಕಲಾಯಿತು. ಒಬ್ಬ ಮನುಷ್ಯನ ಪತ್ರ ವ್ಯವಹಾರ ಚದುರುವುದಕ್ಕೆ ಎರಡು ಯುದ್ಧಕ್ಕಿಂತ ಹೆಚ್ಚಿನದು ಏನು ಬೇಕು?

ಆದರೂ ಅವರು ಊರು ಬಿಟ್ಟು ಹೋಗಲಿಲ್ಲ. ನಿವೃತ್ತಿಯ ನಂತರವೂ ತೋಟ, ಕಟ್ಟಡ, ಬಡಾವಣೆ ಎಂದು ಸಲಹೆ ಕೊಡುತ್ತಾ ಬೆಂಗಳೂರಿನಲ್ಲೇ ಇದ್ದರು. ಸ್ವಾತಂತ್ರ್ಯ ನೋಡಿದರು. ಮಹಾರಾಜರ ಸರ್ಕಾರ ಹೋಗಿ ಜನರ ಸರ್ಕಾರ ಬಂದದ್ದನ್ನು ನೋಡಿದರು. 1956ರ ಫೆಬ್ರವರಿ 8ರಂದು, ತೊಂಬತ್ತು ತುಂಬಿದ ಮೇಲೆ, ಕಣ್ಣು ಮುಚ್ಚಿದರು. ಹೊಸೂರು ರಸ್ತೆಯ ಕ್ರೈಸ್ತರ ಸ್ಮಶಾನದಲ್ಲಿ ಸಮಾಧಿ ಇದೆ. ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೋಗುವ ಬಸ್ಸುಗಳೆಲ್ಲ ಆ ರಸ್ತೆಯಲ್ಲೇ ಹೊಗೆ ಬಿಟ್ಟುಕೊಂಡು ಹೋಗುತ್ತವೆ.

ಇವರ ಕಾಲದವರೇ ಆದ ಇನ್ನೊಬ್ಬ ತೋಟದ ಕಲಾವಿದೆಯ ಕಥೆ ಕೇಳಿ, ವ್ಯತ್ಯಾಸ ತಿಳಿಯುತ್ತದೆ. ಇಂಗ್ಲೆಂಡಿನ ಗರ್ಟ್ರೂಡ್ ಜೆಕಿಲ್. ನಾನೂರರ ಆಸುಪಾಸು ತೋಟಗಳಿಗೆ ನಕ್ಷೆ ಹಾಕಿದ ಹೆಂಗಸು. ತೀರಿಕೊಂಡದ್ದು 1932ರ ಡಿಸೆಂಬರಿನಲ್ಲಿ, ಕೃಂಬಿಗಲ್ ನಿವೃತ್ತಿಯಾದ ವರ್ಷವೇ. ಆಕೆಯ ನಕ್ಷೆಗಳನ್ನು ಉಳಿಸಿದ್ದು ಅಮೆರಿಕದ ತೋಟ ವಿನ್ಯಾಸಕಿ ಬಿಯಾಟ್ರಿಕ್ಸ್ ಫರಾಂಡ್. 1940ರ ದಶಕದಲ್ಲಿ ದುಡ್ಡು ಕೊಟ್ಟು ಕೊಂಡು ಅಟ್ಲಾಂಟಿಕ್ ದಾಟಿಸಿ ಮೇನ್ ರಾಜ್ಯದ ತನ್ನ ಮನೆಯಲ್ಲಿ ಇಟ್ಟುಕೊಂಡರು. 1955ರಲ್ಲಿ ಎಲ್ಲವನ್ನೂ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು.

ಅದರಿಂದ ಏನಾಯಿತು? ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿ ಅಪ್ಟನ್ ಗ್ರೇ ಅಂತ ಒಂದು ಹಳ್ಳಿ. ಅಲ್ಲಿನ ಹಳೆ ಮನೆಯೊಂದರ ತೋಟಕ್ಕೆ ಜೆಕಿಲ್ ನಕ್ಷೆ ಹಾಕಿದ್ದು 1908ರಲ್ಲಿ, ಕೃಂಬಿಗಲ್ ಬೆಂಗಳೂರಿಗೆ ಬಂದ ವರ್ಷ. ಕಾಲಾಂತರದಲ್ಲಿ ಆ ತೋಟ ಮುಳ್ಳು ಪೊದೆ ಬೆಳೆದು ಗುರುತೇ ಸಿಗದ ಹಾಗಾಯಿತು. 1984ರಲ್ಲಿ ಮನೆ ಕೊಂಡವರು ಬರ್ಕ್ಲಿಯಿಂದ ನಕ್ಷೆಯ ಪ್ರತಿ ತರಿಸಿದರು. ಯಾವ ಪಾತಿಯಲ್ಲಿ ಯಾವ ಗಿಡ, ಎಷ್ಟು ಗಿಡ ಎಂದು ಅದರಲ್ಲಿ ಬರೆದಿತ್ತು. ಅದನ್ನೇ ಹಿಡಿದು ನೆಟ್ಟರು. ಸತ್ತ ತೋಟ ಎದ್ದು ಕೂತಿತು! ಕಾಗದದ ಶಕ್ತಿ ಅದು.

ನಮ್ಮಲ್ಲಿ? ಲಾಲ್‌ಬಾಗಿನ ಒಳಗೆ ಕೃಂಬಿಗಲ್ ಹೆಸರಿನಲ್ಲೇ ಒಂದು ಹಳೆಯ ಸಭಾಂಗಣ ಇತ್ತು. ಕಂಬಗಳ ಚೆಂದದ ಕಟ್ಟಡ, ಎಷ್ಟೋ ಹುಡುಗರು ಗಿಡದ ಪಾಠ ಕೇಳಿದ ಜಾಗ. ವರ್ಷಗಟ್ಟಲೆ ಸೋರಿ, ಬಿರುಕು ಬಿಟ್ಟು, 2017ರಲ್ಲಿ ಆ ಹಳೆಯ ಗೋಡೆಗಳು ನೆಲ ಸೇರಿದವು. ಆಮೇಲೆ ಪೇಪರಿನಲ್ಲಿ ಗದ್ದಲ. ಬಿದ್ದ ಮೇಲೆ ಗದ್ದಲ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಪೂರ್ತಿ ಕತ್ತಲೆ ಅಂತಲೂ ಅಲ್ಲ. ಮೈಸೂರು ಸಂಸ್ಥಾನದ ಸರ್ಕಾರಿ ಕಡತಗಳು ರಾಜ್ಯ ಪತ್ರಾಗಾರದಲ್ಲಿವೆ. ಸಂಸ್ಥಾನದ ಇಲಾಖೆಗಳು ವರ್ಷ ವರ್ಷ ವರದಿ ಅಚ್ಚು ಹಾಕಿಸುವ ಪದ್ಧತಿ ಇತ್ತು, ಅದರಲ್ಲಿ ತೋಟಗಳ ವರದಿಯೂ ಸೇರಿತ್ತು. ಲಾಲ್‌ಬಾಗಿನಲ್ಲಿ ಚೆಲುವಯ್ಯ ರಾಜು ಎಂಬ ಚಿತ್ರಗಾರರು ಕ್ಯಾಮರನ್ ಕಾಲದಿಂದ ಕೃಂಬಿಗಲ್ ಕಾಲದವರೆಗೆ ಬರೆದ ಗಿಡಗಳ ಬಣ್ಣದ ಚಿತ್ರಗಳಿವೆ. ಒಂದೊಂದು ಎಲೆಯ ನರ ಕಾಣುವ ಹಾಗೆ ಬರೆದವರು ಆ ಪುಣ್ಯಾತ್ಮ. ಕೃಂಬಿಗಲ್ ಹುಟ್ಟಿ 150 ವರ್ಷ ತುಂಬಿದ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಅವರ ನೆನಪಿನ ಪ್ರದರ್ಶನ ಏರ್ಪಟ್ಟಿತ್ತು, ಅವರ ವಂಶದವರೂ ಕೈ ಜೋಡಿಸಿದರು. ಒಂದೇ ಕಡೆ ಇಲ್ಲ ಅನ್ನುವುದೇ ತೊಂದರೆ. ಬೇರೆಯವರ ಚಾಕರಿಯಲ್ಲಿ ದುಡಿದವನ ಕಾಗದ ಯಜಮಾನರ ಮನೆಗಳಲ್ಲಿ ಉಳಿಯುತ್ತದೆ. ಲಂಡನ್ ಒಂದು ಕಡೆ, ವಡೋದರ ಒಂದು ಕಡೆ, ಬೆಂಗಳೂರು ಮೈಸೂರು ಇನ್ನೊಂದು ಕಡೆ. ಎಲ್ಲೆಲ್ಲಿ ಏನೇನಿದೆ ಎಂಬ ಒಂದೇ ಪಟ್ಟಿ ಆಗಬೇಕು. ಮೂಲ ಅಲ್ಲಲ್ಲೇ ಇರಲಿ, ಫೋಟೋ ಪ್ರತಿ ಲಾಲ್‌ಬಾಗಿಗೆ ಬರಲಿ.

ಇದರಲ್ಲಿ ಸರ್ಕಾರದ ಕೆಲಸ ಅರ್ಧ. ಇನ್ನರ್ಧ ಊರಿನವರದು. ಲಾಲ್‌ಬಾಗಿನಲ್ಲಿ ದುಡಿದ ಮಾಲಿಗಳು, ಗುಮಾಸ್ತರು, ಓವರ್‌ಸಿಯರುಗಳ ಮಕ್ಕಳು ಮೊಮ್ಮಕ್ಕಳು ಮಾವಳ್ಳಿ, ಸಿದ್ದಾಪುರ, ಬಸವನಗುಡಿ ಸುತ್ತಮುತ್ತ ಇದ್ದಾರೆ. ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ ಹಳೆ ಪ್ರದರ್ಶನದ ಬಹುಮಾನದ ಕಾರ್ಡು, ಗಿಡದ ರೇಟಿನ ಪಟ್ಟಿ, ಸಾಹೇಬರ ಜೊತೆ ಸಾಲಾಗಿ ನಿಂತ ಗ್ರೂಪ್ ಫೋಟೋ ಇದ್ದರೆ ಆಶ್ಚರ್ಯವೇನಿಲ್ಲ. ಇವು ಹೋಗುವುದು ಯುಗಾದಿ ಹಿಂದಿನ ವಾರ, ಮನೆಗೆ ಸುಣ್ಣ ಹೊಡೆಸುವಾಗ, ಕಿಲೋ ಲೆಕ್ಕದಲ್ಲಿ ರದ್ದಿ ಅಂಗಡಿಗೆ.

ರದ್ದಿ ಅಂಗಡಿಯವರೂ ಸ್ವಲ್ಪ ಕಣ್ಣು ಹಾಕಬೇಕು. ನೀಲಿ ನೆಲದ ಮೇಲೆ ಬಿಳಿ ಗೆರೆ ಇರುವ ದೊಡ್ಡ ಹಾಳೆ ಸಿಕ್ಕರೆ ಅದು ಬ್ಲೂಪ್ರಿಂಟು. ಬಿಸಿಲಿಗೆ ಇಟ್ಟರೆ ಬಣ್ಣ ಹಾರುತ್ತದೆ, ಕತ್ತಲಲ್ಲಿ ಇಡಬೇಕು. ಕಾಗದ ಬಾಳಿಕೆ ಬರಲಿ ಅಂತ ಸುಣ್ಣದ ಅಂಶ ಬೆರೆಸಿ ಮಾಡಿದ ಹೊದಿಕೆ ಬೇರೆ ದಾಖಲೆಗೆ ಒಳ್ಳೇದು, ಬ್ಲೂಪ್ರಿಂಟಿಗೆ ಮಾತ್ರ ಆಗದು. ಮೇಣದಂತೆ ನುಣುಪಾದ ತೆಳು ಬಟ್ಟೆಯ ಮೇಲೆ ಇಂಕಿನ ಗೆರೆ ಇದ್ದರೆ ಅದು ಟ್ರೇಸಿಂಗ್ ಬಟ್ಟೆ. ಅದರಲ್ಲಿ ಗಂಜಿ ಇರುತ್ತದೆ. ಹುಳಕ್ಕೆ ಹಬ್ಬ, ನೀರು ತಾಗಿದರೆ ಮುಗಿಯಿತು. ಹರಿದಿದೆ ಅಂತ ಸೆಲ್ಲೋಟೇಪ್ ಹಚ್ಚಬಾರದು, ಅದರ ಅಂಟು ನಾಲ್ಕಾರು ವರ್ಷದಲ್ಲಿ ಕಾಗದವನ್ನು ಕಂದು ಮಾಡಿ ತಿನ್ನುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಒಳಗೆ ಹೋದದ್ದು ಮತ್ತೆ ಹೊರಗೆ ಬರುವುದಿಲ್ಲ. ಸುರುಳಿ ಇದ್ದರೆ ಬಲವಂತವಾಗಿ ಬಿಡಿಸದೆ, ಹತ್ತಿಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ, ಗೆದ್ದಲು ಹತ್ತದ ಕಡೆ ಇಟ್ಟರೆ ಸದ್ಯಕ್ಕೆ ಸಾಕು.

ತೋಟಗಾರಿಕೆ ಇಲಾಖೆಯ ಆಫೀಸು ಲಾಲ್‌ಬಾಗಿನ ಒಳಗೇ ಇದೆ. ಕೊಡುವುದಾದರೆ ಅಲ್ಲಿಗೆ ಕೊಡಬಹುದು. ಕೊಡುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಂಡು, ಕೊಟ್ಟದ್ದಕ್ಕೆ ತಾರೀಖು ಹಾಕಿಸಿ ರಸೀದಿ ತೆಗೆದುಕೊಳ್ಳಿ. ಆ ರಸೀದಿಯನ್ನೂ ಜೋಪಾನವಾಗಿಡಿ.